ಬಟ್ಟೆಯೋ, ಡೈಪರೋ? ಮನೆಯ ಬ್ಯಾರಲ್ ನೋಡಿ ನಿರ್ಧರಿಸಿ

ಮನೆಗೆ ಮಗು ಬಂದಿದೆ. ಕಿವಿಯಲ್ಲಿ ಅಝಾನ್ ಹೇಳಿ ಆಯಿತು, ಅಕೀಕಾ ಮುಗಿಯಿತು, ನೆಂಟರಿಷ್ಟರು ತಮ್ಮ ತಮ್ಮ ಊರಿಗೆ ಮರಳಿದರು. ಈಗ ಉಳಿದಿರುವುದು ನೀವು, ನಿಮ್ಮ ಮಗು ಮತ್ತು ಬಚ್ಚಲಿನ ಮೂಲೆಯಲ್ಲಿ ತುಂಬಿ ನಿಂತ ಲಂಗೋಟಿಯ ಬಕೆಟ್.

"ನಾವು ಆರು ಮಕ್ಕಳನ್ನು ಪೋತಡೆಯಲ್ಲೇ ಬೆಳೆಸಿದೆವು. ಆ ಪ್ಲಾಸ್ಟಿಕ್ ಕಟ್ಟಿ ಕೂಸಿನ ಮೈ ಯಾಕೆ ಬೇಯಿಸುತ್ತೀ?" ಎನ್ನುತ್ತಾರೆ ಅತ್ತೆ. ಮೆಡಿಕಲ್ ಶಾಪ್‌ನಿಂದ ದೊಡ್ಡ ಡೈಪರ್ ಪ್ಯಾಕ್ ತಂದಿಟ್ಟ ಗಂಡ, "ನಿನಗೂ ನಾಲ್ಕು ತಾಸು ನಿದ್ದೆ ಬೇಡವೇ?" ಎಂದು ಕೇಳುತ್ತಾರೆ. ದುಬೈಯಿಂದ ಬಂದ ನಾದಿನಿ ಕೊಟ್ಟ ಪೊಟ್ಟಣದ ಮೇಲೆ, ಬಳಸಿದ ಮೇಲೆ ಪಾಯಖಾನೆಯಲ್ಲಿ ಹಾಕಿ ನೀರು ಬಿಟ್ಟರೆ ಸಾಕು ಎಂದು ಬರೆದಿದೆ. ಮೂವರೂ ನಿಮ್ಮ ಒಳಿತನ್ನೇ ಬಯಸುವವರು. ಆದರೆ ನಳಕ್ಕೆ ನೀರು ಬರುವುದು ನಾಡಿದ್ದು. ಬ್ಯಾರಲ್‌ನಲ್ಲಿ ಉಳಿದಿರುವುದು ಕಾಲು ಭಾಗ ಮಾತ್ರ.

ಹುಬ್ಬಳ್ಳಿ-ಧಾರವಾಡದ ತಾಯಂದಿರ ಪ್ರಶ್ನೆ ಇರುವುದು ಇಲ್ಲಿಯೇ. ಬಟ್ಟೆ ಒಳ್ಳೆಯದೋ ಡೈಪರ್ ಒಳ್ಳೆಯದೋ ಎಂಬುದಕ್ಕೆ ಎಲ್ಲ ಊರಿಗೂ, ಎಲ್ಲ ಮನೆಗೂ ಒಂದೇ ಉತ್ತರ ಇಲ್ಲ. ಮಗುವಿನ ಚರ್ಮ, ಮನೆಯ ನೀರು, ಒಗೆಯುವವರ ಕೈ, ಕಸ ಎತ್ತುವವರ ಕೈ ಈ ನಾಲ್ಕನ್ನೂ ಒಟ್ಟಿಗೆ ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ. ಒಂದೊಂದಾಗಿ ನೋಡೋಣ.

ಮೊದಲು ಮಗುವಿನ ಚರ್ಮ

ಡೈಪರ್ ಕಟ್ಟುವ ಜಾಗದಲ್ಲಿ ಕೆಂಪಾಗಿ ಉರಿ ಏಳುವುದಕ್ಕೆ ಡೈಪರನ್ನೇ ದೂರುವವರಿದ್ದಾರೆ. ನಿಜವಾದ ಕಾರಣ ಬೇರೆ. ಒದ್ದೆ ಬಹಳ ಹೊತ್ತು ತಾಗಿಕೊಂಡಿದ್ದರೆ ಎಳೆಯ ಚರ್ಮ ಮೆತ್ತಗಾಗುತ್ತದೆ. ಮೂತ್ರ ಮತ್ತು ಮಲ ಒಂದಕ್ಕೊಂದು ಸೇರಿದಾಗ ಮಲದಲ್ಲಿರುವ ಜೀರ್ಣರಸಗಳು ಚುರುಕಾಗಿ ಆ ಮೆತ್ತಗಾದ ಚರ್ಮವನ್ನು ಕೆರಳಿಸುತ್ತವೆ. ಮೇಲಿನಿಂದ ಬಟ್ಟೆಯ ಉಜ್ಜಾಟ ಬೇರೆ. ಒದ್ದೆ ಲಂಗೋಟಿಯಲ್ಲಿ ಎರಡು ತಾಸು ಬಿಟ್ಟರೂ, ತುಂಬಿದ ಡೈಪರ್‌ನಲ್ಲಿ ಎಂಟು ತಾಸು ಬಿಟ್ಟರೂ ಫಲ ಒಂದೇ.

ಇಲ್ಲಿ ಎರಡಕ್ಕೂ ಅದರದರ ಗುಣವಿದೆ. ಈಗಿನ ಡೈಪರ್‌ಗಳ ಒಳಗೆ ಮರದ ತಿರುಳಿನ ಜೊತೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಗಳಿರುತ್ತವೆ. ಇವು ತಮ್ಮ ತೂಕದ ಎಷ್ಟೋ ಪಟ್ಟು ನೀರನ್ನು ಹೀರಿ ಅಂಟಿನಂತಾಗುತ್ತವೆ, ಆದ್ದರಿಂದ ಮೇಲ್ಪದರ ಒಣಗಿದಂತೆ ಇರುತ್ತದೆ. ರಾತ್ರಿ ಮಗು ಎಚ್ಚರವಾಗದೆ ಮಲಗುವುದು ಇದರಿಂದಲೇ. ಆದರೆ ಇದೇ ಗುಣ ತಾಯಿಯನ್ನು ಮೈಮರೆಸುತ್ತದೆ. ಮುಟ್ಟಿದರೆ ಒಣಗಿದೆ ಎಂದುಕೊಂಡು ಬದಲಾಯಿಸುವುದನ್ನು ಮುಂದೂಡುತ್ತೇವೆ.

ಹತ್ತಿಯ ಲಂಗೋಟಿ ಹಾಗಲ್ಲ, ಒದ್ದೆಯಾದ ಕೂಡಲೇ ತಿಳಿಸುತ್ತದೆ. ಹಸುಗೂಸಿನ ವಿಷಯದಲ್ಲಿ ಇದು ದೊಡ್ಡ ಉಪಕಾರ. ಹುಟ್ಟಿದ ಮೊದಲ ವಾರ ದಾಟಿದ ಮಗು ದಿನಕ್ಕೆ ಕನಿಷ್ಠ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ ಎದೆಹಾಲು ಸಾಕಾಗುತ್ತಿದೆ ಎಂದು ತಿಳಿಯಬಹುದು. ಲಂಗೋಟಿಯಾದರೆ ಎಣಿಸುವುದು ಸುಲಭ. ಡೈಪರ್‌ನಲ್ಲಿ ಎರಡು ಸಲ ಆಯಿತೋ ನಾಲ್ಕು ಸಲ ಆಯಿತೋ ಗೊತ್ತಾಗುವುದಿಲ್ಲ. "ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ಕೊಡು" ಎಂದು ಯಾರಾದರೂ ಹೇಳಿದಾಗ, ಒದ್ದೆ ಲಂಗೋಟಿಗಳ ಲೆಕ್ಕವೇ ನಿಮ್ಮ ಪರ ಸಾಕ್ಷಿ ನುಡಿಯುತ್ತದೆ. ಆದ್ದರಿಂದ ಮೊದಲ ಒಂದೆರಡು ತಿಂಗಳು ಹಗಲಿನಲ್ಲಿ ಬಟ್ಟೆಯೇ ಇರಲಿ.

ಯಾವುದನ್ನೇ ಕಟ್ಟಿ, ಈ ನಾಲ್ಕು ಮಾತು ನೆನಪಿಡಿ. ಮಲ ಮಾಡಿದ ಕೂಡಲೇ ಬದಲಾಯಿಸಿ. ಸುವಾಸನೆಯ ಒದ್ದೆ ಟಿಶ್ಯೂ ಬದಲು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಹೆಣ್ಣು ಮಗುವನ್ನು ಮುಂದಿನಿಂದ ಹಿಂದಕ್ಕೆ ಒರೆಸಿ, ಹಿಂದಿನ ಮಲ ಮೂತ್ರದ್ವಾರಕ್ಕೆ ತಾಗಿದರೆ ಮೂತ್ರದ ಸೋಂಕು ಬರುತ್ತದೆ. ಮತ್ತು ದಿನಕ್ಕೆ ಎರಡು ಮೂರು ಸಲ ಹತ್ತು ಹದಿನೈದು ನಿಮಿಷ ಏನೂ ಕಟ್ಟದೆ ಗಾಳಿಗೆ ಬಿಡಿ. ಪೌಡರ್ ಹಾಕುವ ರೂಢಿ ಬಿಟ್ಟುಬಿಡಿ. ಪುಡಿ ಹಾರಿ ಮಗುವಿನ ಶ್ವಾಸಕೋಶ ಸೇರುತ್ತದೆ, ತೊಡೆಸಂದಿಯಲ್ಲಿ ಗಟ್ಟಿಯಾಗಿ ಉಜ್ಜುತ್ತದೆ.

ಸ್ವಲ್ಪ ಕೆಂಪಾಗಿದ್ದರೆ ಜಿಂಕ್ ಆಕ್ಸೈಡ್ ಇರುವ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಒದ್ದೆಗೆ ಅಡ್ಡಗೋಡೆಯಾಗುತ್ತದೆ. ಮೂರು ದಿನದಲ್ಲಿ ತಗ್ಗದಿದ್ದರೆ, ತೊಡೆಸಂದಿಯ ಮಡಿಕೆಯೊಳಗೆ ಗಾಢ ಕೆಂಪಾಗಿ ಸುತ್ತಲೂ ಸಣ್ಣ ಸಣ್ಣ ಚುಕ್ಕೆ ಎದ್ದಿದ್ದರೆ ಅದು ಬೂಷ್ಟಿನ ಸೋಂಕು ಇರಬಹುದು. ನೀರುಗುಳ್ಳೆ, ಕೀವು, ಜ್ವರ ಕಂಡರೂ, ಮೂತ್ರ ಮಾಡುವಾಗ ಮಗು ಚೀರಿ ಅತ್ತರೂ ತಡ ಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಪಕ್ಕದ ಮನೆಯವರು ಹೇಳಿದರೆಂದು ಸ್ಟೀರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚಬೇಡಿ. ಎರಡು ದಿನ ಗುಣವಾದಂತೆ ಕಂಡು, ಆಮೇಲೆ ಎಳೆಯ ಚರ್ಮವನ್ನು ತೆಳುವಾಗಿಸುತ್ತದೆ, ಬೂಷ್ಟನ್ನೂ ಹೆಚ್ಚಿಸುತ್ತದೆ.

ಬ್ಯಾರಲ್‌ನ ಲೆಕ್ಕ

ಈಗ ನೀರಿಗೆ ಬರೋಣ. ನಮ್ಮ ಅವಳಿ ನಗರಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ, ಜೊತೆಗೆ ನೀರಸಾಗರ ಕೆರೆಯಿಂದ. 2008ರಲ್ಲಿ ವಿಶ್ವ ಬ್ಯಾಂಕಿನ ನೆರವಿನ ಯೋಜನೆಯಡಿ ಆಯ್ದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ವ್ಯವಸ್ಥೆ ಶುರುವಾಯಿತು. ಅಂಥ ಓಣಿಯಲ್ಲಿ ನಿಮ್ಮ ಮನೆಯಿದ್ದರೆ ನಿಮ್ಮ ಲೆಕ್ಕವೇ ಬೇರೆ. ಉಳಿದ ಎಷ್ಟೋ ಓಣಿಗಳಲ್ಲಿ ಇನ್ನೂ ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಳದ ನೀರಿಗೆ ಕಾಯುವುದು ತಪ್ಪಿಲ್ಲ.

ಎಳೆಯ ಮಗುವಿಗೆ ದಿನಕ್ಕೆ ಹತ್ತು ಹನ್ನೆರಡು ಲಂಗೋಟಿ ಬೇಕು. ಅವನ್ನು ಒಮ್ಮೆ ಒಗೆದು ಎರಡು ಸಲ ಜಾಲಿಸಿದರೂ ಹದಿನೈದು ಲೀಟರಿನ ಮೂರು ಬಕೆಟ್, ಅಂದರೆ 45 ಲೀಟರ್ ನೀರು ಹಿಡಿಯುತ್ತದೆ. ಐದು ದಿನಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಲಂಗೋಟಿಗೇ 225 ಲೀಟರ್ ಬೇಕಾಯಿತು. 200 ಲೀಟರಿನ ಒಂದು ಬ್ಯಾರಲ್ ಪೂರ್ತಿ ಖಾಲಿ. ಅಡುಗೆ, ಸ್ನಾನ, ವುಝೂ, ಪಾತ್ರೆ ಎಲ್ಲವೂ ಉಳಿದ ನೀರಿನಲ್ಲಿ ಆಗಬೇಕು. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ, ಅಂದರೆ ಹೆಚ್ಚೆಂದರೆ ಒಂದು ಲೀಟರಿನಷ್ಟರಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನೀರಿನ ಮಿತವ್ಯಯ ನಮಗೆ ಬರಗಾಲ ಕಲಿಸಿದ ಪಾಠವಷ್ಟೇ ಅಲ್ಲ.

ಹಾಗಾದರೆ ನೀರು ಉಳಿಸಲು ಡೈಪರ್ ಒಂದನ್ನೇ ಬಳಸಬೇಕೇ? ದುಡ್ಡಿನ ಲೆಕ್ಕವನ್ನೂ ಹಾಕಿ. ಒಂದು ಡೈಪರ್‌ಗೆ ಹತ್ತು ರೂಪಾಯಿ ಎಂದು ಹಿಡಿಯಿರಿ. ದಿನಕ್ಕೆ ಆರರಂತೆ ತಿಂಗಳಿಗೆ 1,800 ರೂಪಾಯಿ, ಎರಡು ವರ್ಷಕ್ಕೆ 43,800 ರೂಪಾಯಿ. ರಾತ್ರಿಗೆ ಒಂದೇ ಬಳಸಿದರೆ ತಿಂಗಳಿಗೆ 300, ಎರಡು ವರ್ಷಕ್ಕೆ 7,300. ದಿನಗೂಲಿಯ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ದುಡ್ಡಿನ ಬಿಗಿಯಿಂದಾಗಿ ಒಂದೇ ಡೈಪರನ್ನು ಹನ್ನೆರಡು ತಾಸು ಕಟ್ಟಿಬಿಡುವುದಕ್ಕಿಂತ ಹಳೆಯ ಲುಂಗಿಯ ಲಂಗೋಟಿ ಸಾವಿರ ಪಾಲು ಮೇಲು.

ನೀರು ಕಡಿಮೆ, ಪಾಕಿ ಪೂರ್ಣ

ಕಡಿಮೆ ನೀರಿನಲ್ಲಿ ಲಂಗೋಟಿ ಒಗೆಯುವುದಕ್ಕೆ ಒಂದು ಕ್ರಮವಿದೆ. ಮುಚ್ಚಳವಿರುವ ಒಂದು ಬಕೆಟನ್ನು ಇದಕ್ಕೇ ಮೀಸಲಿಡಿ. ಮಲವನ್ನು ಮೊದಲು ಪಾಯಖಾನೆಗೆ ಉದುರಿಸಿ, ಒಂದು ಚೊಂಬು ನೀರು ಹಾಕಿ ಹಳೆಯ ಬ್ರಷ್‌ನಿಂದ ತಿಕ್ಕಿ ಅಲ್ಲಿಯೇ ಹರಿಯಬಿಡಿ. ಆಮೇಲೆ ಬಕೆಟಿಗೆ ಹಾಕಿ. ಅರ್ಧ ದಿನಕ್ಕಿಂತ ಹೆಚ್ಚು ನೆನೆಯಲು ಬಿಡಬೇಡಿ, ವಾಸನೆ ಕಟ್ಟುತ್ತದೆ. ಎಲ್ಲವನ್ನೂ ಸೇರಿಸಿ ದಿನಕ್ಕೊಮ್ಮೆ ಒಗೆಯಿರಿ. ಸೋಪಿನ ಪುಡಿ ಸ್ವಲ್ಪವೇ ಹಾಕಿ, ಹೆಚ್ಚು ಹಾಕಿದಷ್ಟೂ ಜಾಲಿಸಲು ಹೆಚ್ಚು ನೀರು ಬೇಕು, ಉಳಿದ ಸೋಪು ಮಗುವಿನ ಮೈ ಸುಡುತ್ತದೆ. ಬಟ್ಟೆ ಮೃದುವಾಗಿಸುವ ಸುವಾಸನೆಯ ದ್ರಾವಣ ಬೇಡವೇ ಬೇಡ, ಅದು ಬಟ್ಟೆ ನೀರು ಹೀರುವುದನ್ನೇ ಕಡಿಮೆ ಮಾಡುತ್ತದೆ. ದಿನಾ ಡೆಟ್ಟಾಲ್ ಹಾಕುವ ಅಗತ್ಯವೂ ಇಲ್ಲ. ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ತೆಗೆಯಿರಿ. ಕೊನೆಯ ಸಲ ಜಾಲಿಸಿದ ನೀರನ್ನು ಚೆಲ್ಲದೆ ಪಾಯಖಾನೆಗೆ ಸುರಿಯಲು ಇಟ್ಟುಕೊಳ್ಳಿ. ದಿನಕ್ಕೆ ಒಂದು ಬಕೆಟ್ ಅಲ್ಲಿಯೇ ಉಳಿಯಿತು.

ನಮ್ಮ ಮನೆಗಳಲ್ಲಿ ಇನ್ನೊಂದು ಆತಂಕ ಇದ್ದೇ ಇದೆ. "ಇಷ್ಟು ನೀರಿನಲ್ಲಿ ಪಾಕಿ ಆಗುತ್ತದೆಯೇ? ಈ ಬಟ್ಟೆ ತಾಗಿದರೆ ನಮಾಝ್ ಆಗುತ್ತದೆಯೇ?" ಈ ಆತಂಕದಿಂದಲೇ ಕೆಲವರು ಏಳೆಂಟು ಸಲ ಜಾಲಿಸುತ್ತಾರೆ, ಕೆಲವರು ಬೇಸತ್ತು ಇಡೀ ದಿನ ಡೈಪರ್ ಕಟ್ಟುತ್ತಾರೆ. ದೀನ್ ನಮ್ಮ ಮೇಲೆ ಇಷ್ಟು ಕಷ್ಟ ಹೊರಿಸಿಲ್ಲ. ಹನಫೀ ಮದ್‌ಹಬ್‌ನ ಪ್ರಕಾರ ಕಣ್ಣಿಗೆ ಕಾಣುವ ಮಲ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಒಣಗಿದ ಮೇಲೆ ಕಾಣದ ಮೂತ್ರದಂಥದ್ದಕ್ಕೆ ಮೂರು ಸಲ ತೊಳೆದು, ಪ್ರತಿ ಸಲವೂ ಹಿಂಡಿದರೆ ಬಟ್ಟೆ ಪಾಕ್ ಆಯಿತು. ಗಂಡುಮಗು, ಹೆಣ್ಣುಮಗು ಎಂಬ ಭೇದವಿಲ್ಲ. ಶಾಫಿಈ ಮದ್‌ಹಬ್‌ನಲ್ಲಿ ಎರಡು ವರ್ಷದೊಳಗಿನ, ಹಾಲಲ್ಲದೆ ಬೇರೆ ಆಹಾರ ತಿನ್ನದ ಗಂಡುಮಗುವಿನ ಮೂತ್ರ ತಾಗಿದ ಕಡೆ ನೀರು ಚಿಮುಕಿಸಿದರೂ ಸಾಕು. ಉಮ್ಮು ಕೈಸ್(ರ) ಎಂಬ ಸಹಾಬಿಯಾ ತಮ್ಮ ಹಸುಗೂಸನ್ನು ತಂದಾಗ, ಅದು ಪ್ರವಾದಿ(ಸ)ರ ಬಟ್ಟೆಯ ಮೇಲೆ ಮೂತ್ರ ಮಾಡಿದ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬಂದಿದೆ. ಅವರು ನೀರು ತರಿಸಿದರು, ಆ ಜಾಗಕ್ಕೆ ಚಿಮುಕಿಸಿದರು, ಅಷ್ಟೇ.

ಎದೆಹಾಲು ಕುಡಿಯುವ ಮಗುವಿನ ಮಲದ ಹಳದಿ ಕಲೆ ಎಷ್ಟು ಒಗೆದರೂ ಹೋಗುವುದಿಲ್ಲ. ಚೆನ್ನಾಗಿ ತೊಳೆದ ಮೇಲೆ ಉಳಿದ ಬರೀ ಬಣ್ಣ ನಜಸ್ ಅಲ್ಲ ಎಂಬುದನ್ನು ಉಲಮಾಗಳು ಹೇಳುತ್ತಾರೆ. ಅದಕ್ಕಾಗಿ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಬೇಡಿ, ನಮ್ಮ ಹುಬ್ಬಳ್ಳಿಯ ಬಿಸಿಲಿಗೆ ಎರಡು ದಿನ ಹಾಕಿ, ಕಲೆ ತಾನೇ ಮಾಸುತ್ತದೆ. ವುಝೂ ಇರುವಾಗ ಮಗುವಿನ ಮಲಮೂತ್ರ ತೊಳೆದರೆ ಹನಫೀಯರಲ್ಲಿ ವುಝೂ ಮುರಿಯುವುದಿಲ್ಲ, ಕೈ ತೊಳೆದರೆ ಸಾಕು. ಶಾಫಿಈಯರಲ್ಲಿ ಅಂಗೈ ಗುಪ್ತಾಂಗಕ್ಕೆ ತಾಗಿದರೆ ಮುರಿಯುತ್ತದೆ. ವಾಷಿಂಗ್ ಮಶಿನ್ ಬಗ್ಗೆ, ಡೈಪರ್ ಕಟ್ಟಿದ ಮಗುವನ್ನು ನಮಾಝ್‌ನಲ್ಲಿ ಎತ್ತಿಕೊಳ್ಳುವ ಬಗ್ಗೆ ಸಂಶಯವಿದ್ದರೆ ನಿಮ್ಮ ಮಸೀದಿಯ ಆಲಿಮರನ್ನು ಕೇಳಿ.

ಒಂದು ಸುಲಭ ಉಪಾಯ ಹೇಳುತ್ತೇವೆ. ಪ್ರತಿ ಅಝಾನ್ ಕೇಳಿದಾಗ, ವುಝೂಗೆ ಹೋಗುವ ಮುನ್ನ ಮಗುವನ್ನು ಒಮ್ಮೆ ನೋಡಿ ಬದಲಾಯಿಸಿ. ಫಜ್ರ್‌ನಿಂದ ಇಶಾವರೆಗೆ ಐದು ಸಲ ಅಲ್ಲಿಯೇ ಆಯಿತು. ನಡುವೆ ಹಾಲು ಕುಡಿಸಿದಾಗ, ಮಲ ಮಾಡಿದಾಗ ಬೇರೆ. ಮಗುವೂ ಒಣಗಿರುತ್ತದೆ, ನಿಮ್ಮ ನಮಾಝ್‌ನ ಬಟ್ಟೆಯೂ ಉಳಿಯುತ್ತದೆ.

ಲಂಗೋಟಿ ಹೇಗಿರಬೇಕು, ಹೇಗೆ ಕಟ್ಟಬೇಕು

ಲಂಗೋಟಿಗೆ ಹೊಸ ಬಟ್ಟೆ ಬೇಕಿಲ್ಲ. ಮೆತ್ತಗಾದ ಹತ್ತಿಯ ಸೀರೆ, ಲುಂಗಿ, ಓಢನಿ ಚೆನ್ನಾಗಿರುತ್ತದೆ. ಪಾಲಿಸ್ಟರ್ ಬೆರೆತದ್ದು ನೀರು ಹೀರುವುದಿಲ್ಲ. ಇಪ್ಪತ್ತೈದು ಮೂವತ್ತು ತುಂಡು ಮಾಡಿ, ಅಂಚು ಮಡಿಸಿ ಹೊಲಿಯಿರಿ. ಅಂಚಿನ ನೂಲು ಬಿಚ್ಚಿ ಮಗುವಿನ ಕಾಲ್ಬೆರಳಿಗೋ ಶಿಶ್ನಕ್ಕೋ ಸುತ್ತಿಕೊಂಡರೆ ರಕ್ತ ಓಡಾಡದೆ ಅಪಾಯವಾಗುತ್ತದೆ. ಕಾರಣವಿಲ್ಲದೆ ಮಗು ಅಳುತ್ತಿದ್ದರೆ ಇದನ್ನೊಮ್ಮೆ ನೋಡಿ. ಗಂಟು ಸಡಿಲವಿರಲಿ, ಎರಡು ಬೆರಳು ಒಳಗೆ ಹೋಗಬೇಕು. ಕಾಲು ನೆಟ್ಟಗೆ ಜೋಡಿಸಿ ಬಿಗಿದು ಸುತ್ತುವ ರೂಢಿ ಒಳ್ಳೆಯದಲ್ಲ, ಸೊಂಟದ ಕೀಲು ಜಾರಬಹುದು. ಕಾಲು ಮಡಚಿ ಅಗಲಿಸಿ ಆಡಿಸುವಷ್ಟು ಜಾಗ ಇರಲಿ. ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಬೇಡಿ, ಗಾಳಿಯಾಡದೆ ಮೈ ಬೇಯುತ್ತದೆ. ಹಾಸಿಗೆ ಉಳಿಸಲು ಅಡಿಯಲ್ಲಿ ರಬ್ಬರ್ ಶೀಟು, ಅದರ ಮೇಲೆ ದಪ್ಪನೆಯ ಹತ್ತಿ ಬಟ್ಟೆ ಹಾಸಿ.

ಈಗ ಬಟನ್ ಇರುವ, ಒಳಗೆ ಬಟ್ಟೆ ಸೇರಿಸುವ ಸಿದ್ಧ ಬಟ್ಟೆ ಡೈಪರ್‌ಗಳೂ ಸಿಗುತ್ತವೆ. ಒಂದಕ್ಕೆ ಕೆಲವು ನೂರು ರೂಪಾಯಿ. ಕೈಯಲ್ಲಿ ದುಡ್ಡಿದ್ದು, ಮುಂದಿನ ಮಗುವಿಗೂ ಬಳಸುವುದಾದರೆ ಲಾಭವೇ. ಆದರೆ ದಪ್ಪವಾದ್ದರಿಂದ ಒಣಗಲು ಹೆಚ್ಚು ಹೊತ್ತು ಬೇಕು.

ಒಣಗಿಸುವುದೇ ನಮ್ಮ ಊರಿನ ಎರಡನೆಯ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಧಾರವಾಡದ ಕಡೆ ಜಿಟಿಜಿಟಿ ಮಳೆ ಹಿಡಿದರೆ ಬಿಸಿಲೇ ಕಾಣುವುದಿಲ್ಲ. ಅರೆಒಣಗಿದ ಲಂಗೋಟಿ ಕಟ್ಟಿದರೆ ಬೂಷ್ಟು ಖಂಡಿತ. ಪಡಸಾಲೆಯಲ್ಲಿ ಹಗ್ಗ ಕಟ್ಟಿ ಫ್ಯಾನಿನ ಗಾಳಿಗೆ ಹಾಕಿ, ಕೊನೆಗೆ ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿ. ಅದೂ ಆಗದ ದಿನ ಡೈಪರ್ ಬಳಸಿ. ಒದ್ದೆ ಬಟ್ಟೆಗಿಂತ ಒಣ ಡೈಪರ್ ಮೇಲು. ಅದರಲ್ಲಿ ಸೋಲೇನೂ ಇಲ್ಲ.

'ಫ್ಲಶ್ ಮಾಡಬಹುದು' ಎಂಬ ಮಾತು

ಇನ್ನು ನಾದಿನಿ ತಂದ ಪೊಟ್ಟಣ. 2000ದ ದಶಕದಲ್ಲಿ ಅಮೆರಿಕದಲ್ಲಿ ಜಿಡೈಪರ್ಸ್ ಎಂಬ ಕಂಪನಿ ಫ್ಲಶ್ ಮಾಡುವ ಒಳಪದರದ ಡೈಪರ್ ಮಾರುಕಟ್ಟೆಗೆ ತಂದಿತು. ಅದನ್ನು ಹಾಗೆಯೇ ಎಸೆಯುವಂತಿರಲಿಲ್ಲ. ಒಳಪದರದ ಅಂಚು ಹರಿದು, ಒಳಗಿನದನ್ನು ನೀರಿಗೆ ಸುರಿದು, ಕೋಲಿನಿಂದ ಕಲಕಿ, ಆಮೇಲೆ ನೀರು ಬಿಡಬೇಕಿತ್ತು. ಅಲ್ಲಿಯ ಕಮೋಡು, ಅಲ್ಲಿಯ ನೀರಿಗೆ ಮಾಡಿದ್ದು ಅದು. ನಮ್ಮಲ್ಲಿ ಒಂದು ಸಲ ಚೆನ್ನಾಗಿ ಹರಿಸಲು ಹತ್ತು ಲೀಟರ್ ಬೇಕೆಂದರೂ ದಿನಕ್ಕೆ ಎಂಟು ಸಲಕ್ಕೆ 80 ಲೀಟರ್ ಆಯಿತು. ಲಂಗೋಟಿ ಒಗೆದಿದ್ದರೆ ಇದಕ್ಕಿಂತ ಕಡಿಮೆ ಸಾಕಿತ್ತು.

ನಮ್ಮ ಅಂಗಡಿಗಳಲ್ಲಿ ಈ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಒದ್ದೆ ಟಿಶ್ಯೂಗಳು, ಲಂಗೋಟಿಯ ಮೇಲೆ ಹಾಸುವ ತೆಳು ಪದರಗಳು. ಒಂದನ್ನು ಬಕೆಟ್ ನೀರಿಗೆ ಹಾಕಿ ಕಲಕಿ, ಅರ್ಧ ತಾಸು ಬಿಟ್ಟು ನೋಡಿ. ಕರಗದೆ ಹಾಗೆಯೇ ತೇಲುತ್ತಿದ್ದರೆ ನಿಮ್ಮ ಪೈಪಿನಲ್ಲೂ ಹಾಗೆಯೇ ಇರುತ್ತದೆ. ಸಾಮಾನ್ಯ ಡೈಪರ್ ಹಾಕಿದರಂತೂ ಒಳಗಿನ ಹರಳು ಉಬ್ಬಿ ಪೈಪನ್ನೇ ತುಂಬಿಬಿಡುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎಂಬಲ್ಲಿ ನೆಲದಡಿಯ ಚರಂಡಿಯಲ್ಲಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತು. ಅಡುಗೆಯ ಕೊಬ್ಬಿಗೆ ಒದ್ದೆ ಟಿಶ್ಯೂ, ಡೈಪರ್‌ಗಳು ಸೇರಿ ಬೆಳೆದದ್ದು ಅದು. ತೆಗೆಯಲು ವಾರಗಟ್ಟಲೆ ಹಿಡಿಯಿತು.

ನಮ್ಮ ಓಣಿಯಲ್ಲಿ ಪೈಪು ಕಟ್ಟಿದರೆ ಬಿಡಿಸುವವರು ಯಾರು? ಮನುಷ್ಯರನ್ನು ಗುಂಡಿಗೆ ಇಳಿಸಿ ಕೈಯಿಂದ ಮಲ ತೆಗೆಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಗುಂಡಿ ಕಟ್ಟಿದ ರಾತ್ರಿ "ನಾಲ್ಕು ನೂರು ಕೊಡುತ್ತೇವೆ, ಇಳಿ" ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಆ ಗುಂಡಿಯ ವಿಷಗಾಳಿಯಲ್ಲಿ ಜೀವ ಹೋಗುತ್ತದೆ. ನಮ್ಮ ಮಗುವಿನ ಶುಚಿ ಇನ್ನೊಬ್ಬರ ಮಗುವಿನ ತಂದೆಯ ಜೀವಕ್ಕೆ ಎರವಾಗಬಾರದು. ಆದ್ದರಿಂದ ಈ ಮೂರರಲ್ಲಿ ಒಂದರ ಬಗ್ಗೆ ಮಾತ್ರ ನಾವು ಖಡಾಖಂಡಿತವಾಗಿ ಹೇಳುತ್ತೇವೆ: ಪಾಯಖಾನೆಗೆ ಹೋಗಬೇಕಾದ್ದು ಮಲ ಮತ್ತು ನೀರು ಮಾತ್ರ.

ಎಸೆದದ್ದು ಎಲ್ಲಿಗೆ ಹೋಯಿತು?

ಡೈಪರ್ ಎಸೆದ ಕೂಡಲೇ ಮುಗಿಯುವುದಿಲ್ಲ. ಅದರ ಹೊರಪದರ ಪ್ಲಾಸ್ಟಿಕ್, ಮಣ್ಣಿನಲ್ಲಿ ಕೊಳೆಯುವುದಿಲ್ಲ. ದಿನಕ್ಕೆ ಆರರಂತೆ ಎರಡು ವರ್ಷಕ್ಕೆ ಒಂದೇ ಮಗುವಿನಿಂದ 4,380 ಡೈಪರ್. ಕಸದ ಗಾಡಿಗೆ ಹಾಕಿದ್ದು ಹುಬ್ಬಳ್ಳಿಯಲ್ಲಾದರೆ ಕಾರವಾರ ರಸ್ತೆಯ, ಧಾರವಾಡದಲ್ಲಾದರೆ ಹೊಸಯಲ್ಲಾಪುರದ ಕಸದ ಬೆಟ್ಟಕ್ಕೆ ಸೇರುತ್ತ ಬಂದಿದೆ. ಗಾಡಿಗೂ ಹಾಕದೆ ಖಾಲಿ ಜಾಗಕ್ಕೆ ಎಸೆದರೆ ನಾಯಿ, ಹಂದಿ ಎಳೆದಾಡಿ ಓಣಿಯ ತುಂಬ ಹರಡುತ್ತವೆ. ಗಟಾರಕ್ಕೆ ಎಸೆದರೆ ಉಬ್ಬಿ ನೀರು ಕಟ್ಟುತ್ತದೆ. ಉಣಕಲ್ ಕೆರೆಯಿಂದ ಬಂದು ಹುಬ್ಬಳ್ಳಿಯ ನಡುವೆ ಹರಿಯುವ ನಾಲಾ ಮಳೆಗಾಲದಲ್ಲಿ ಉಕ್ಕಿ ಮನೆಗಳಿಗೆ ನುಗ್ಗುವಾಗ, ಅದರಲ್ಲಿ ತೇಲಿ ಬರುವ ಕಸ ನಾವೇ ಎಸೆದದ್ದು.

ಕೆಲವು ಮನೆಗಳಲ್ಲಿ ಮಗುವಿನ ಮಲಮೂತ್ರದ ಬಟ್ಟೆ ಸುಟ್ಟರೆ ಮಗುವಿಗೆ ಉರಿ ಏಳುತ್ತದೆ ಎಂಬ ಭಯವಿದೆ, ಆದ್ದರಿಂದ ನೀರಿಗೆ ಬಿಡುತ್ತಾರೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಮುಸ್ಲಿಮರೇ ಹೆಚ್ಚಾಗಿರುವ ಇಂಡೋನೇಷ್ಯಾದ ಪೂರ್ವ ಜಾವಾದಲ್ಲೂ ಇಂಥದ್ದೇ ನಂಬಿಕೆಯಿಂದ ಬ್ರಂತಾಸ್ ನದಿಗೆ ಡೈಪರ್ ಎಸೆಯುವ ರೂಢಿ ಬೆಳೆಯಿತು. 2017ರಲ್ಲಿ ಎಕೋಟಾನ್ ಎಂಬ ಸಂಘಟನೆಯ ಸ್ವಯಂಸೇವಕರು ಮೈತುಂಬ ರಕ್ಷಣಾ ಉಡುಪು ತೊಟ್ಟು ಆ ನದಿಗಿಳಿದು ಡೈಪರ್ ಹೆಕ್ಕಿ ತೆಗೆಯುವ ಅಭಿಯಾನ ನಡೆಸಿದರು. ಆ ನದಿಯ ನೀರೇ ಊರಿನ ಕುಡಿಯುವ ನೀರು. ಡೈಪರ್ ಸುಡಬಾರದು ಎಂಬುದು ಸರಿಯೇ, ಆದರೆ ಕಾರಣ ಬೇರೆ: ಪ್ಲಾಸ್ಟಿಕ್ ಸುಟ್ಟ ಹೊಗೆ ಮಗುವಿನ ಎದೆಗೆ ಕೆಟ್ಟದ್ದು. ಆದ್ದರಿಂದ ಹಂಡೆಯ ಒಲೆಗೂ ಹಾಕಬೇಡಿ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು, ಜನ ಓಡಾಡುವ ದಾರಿಯಲ್ಲಿ, ನೆರಳಿನ ಜಾಗದಲ್ಲಿ ಹೇಸಿಗೆ ಮಾಡುವುದನ್ನು ಪ್ರವಾದಿ(ಸ)ರು ತಡೆದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎಸೆದ ಮಾತ್ರಕ್ಕೆ ಅದು ಹೇಸಿಗೆಯಲ್ಲ ಎಂದಾಗುವುದಿಲ್ಲ. ದಾರಿಯ ಕೊಳೆ ತೆಗೆಯುವುದು ಈಮಾನ್‌ನ ಒಂದು ಶಾಖೆಯಾದರೆ, ದಾರಿಗೆ ಕೊಳೆ ಹಾಕುವುದು ಏನು ಎಂದು ನಾವೇ ಯೋಚಿಸಬೇಕು.

ಡೈಪರ್ ಎಸೆಯುವ ಸರಿಯಾದ ಕ್ರಮ ಹೀಗೆ. ಮಲವನ್ನು ಮೊದಲು ಪಾಯಖಾನೆಗೆ ಉದುರಿಸಿ. ಡೈಪರನ್ನು ಒಳಮುಖವಾಗಿ ಸುತ್ತಿ, ಅದರದ್ದೇ ಅಂಟುಪಟ್ಟಿ ಹಾಕಿ. ಹಳೆಯ ಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಗುರುತು ಹಾಕಿ. ಹಸಿ ಕಸದ ಬುಟ್ಟಿಗೆ ಹಾಕದೆ ಬೇರೆಯಾಗಿಯೇ ಕಸದ ಗಾಡಿಗೆ ಕೊಡಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಡೈಪರನ್ನು ಭದ್ರವಾಗಿ ಸುತ್ತಿ ಕೊಡುವ ಹೊಣೆಯನ್ನು ಮನೆಯವರ ಮೇಲೆ ಹಾಕಿದವು. ಹಸಿ ಕಸದಲ್ಲಿ ಬೆರೆತದ್ದನ್ನು ಪೌರಕಾರ್ಮಿಕರು ಕೈಯಿಂದಲೇ ಆರಿಸಬೇಕಾಗುತ್ತದೆ. ಕೆಂಪು ಗುರುತು ಕಂಡರೆ ಬಿಚ್ಚದೆ ಪಕ್ಕಕ್ಕಿಡುತ್ತಾರೆ. ಆಮೇಲೆ ನಿಮ್ಮ ಕೈ ಸೋಪಿನಿಂದ ತೊಳೆಯಿರಿ.

ಒಂದು ಮಾತು ಬಟ್ಟೆಯವರಿಗೂ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಎರಡನ್ನೂ ತೂಗಿ ನೋಡಿತು. ಮಾಮೂಲಿ ರೀತಿಯಲ್ಲಿ ಒಗೆದರೆ ಎರಡರಿಂದಲೂ ವಾತಾವರಣದ ಮೇಲಾಗುವ ಪರಿಣಾಮ ಹೆಚ್ಚುಕಡಿಮೆ ಸಮ ಎಂದು ಕಂಡಿತು. ಆದರೆ ಮಶಿನ್ ತುಂಬ ಹಾಕಿ ಒಗೆದು, ಹಗ್ಗದ ಮೇಲೆ ಗಾಳಿಗೆ ಒಣಗಿಸಿ, ಎರಡನೆಯ ಮಗುವಿಗೂ ಅದನ್ನೇ ಬಳಸಿದರೆ ಬಟ್ಟೆಯ ಹೊರೆ 40 ಶೇಕಡಾದಷ್ಟು ಇಳಿಯುತ್ತದೆ ಎಂದಿತು. ಬಿಸಿಲಿಗೆ ಒಣಗಿಸುವುದು, ಅಣ್ಣನ ಲಂಗೋಟಿ ತಂಗಿಗೆ ಕಟ್ಟುವುದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಗೆಯುವ ಕೈ ಯಾರದು?

ಬಟ್ಟೆಯೇ ಒಳ್ಳೆಯದು ಎಂದು ಹೇಳುವವರು ಸಾಮಾನ್ಯವಾಗಿ ಒಗೆಯುವವರಲ್ಲ. ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚಳಕು ಬರುವುದು ಎಷ್ಟೋ ತಾಯಂದಿರ ಅನುಭವ. ಬಟ್ಟೆ ಹಿಂಡಿದಷ್ಟೂ ಅದು ಹೆಚ್ಚುತ್ತದೆ. ಸಿಸೇರಿಯನ್ ಆದವರು ಮೊದಲ ಆರು ವಾರ ನೀರು ತುಂಬಿದ ಬಕೆಟ್ ಎತ್ತಲೇಬಾರದು. ಬಾಣಂತಿಯೊಬ್ಬಳೇ ಒಗೆಯಬೇಕಾದ ಮನೆಯಲ್ಲಿ ಡೈಪರ್ ಬಳಸಿದರೆ ಅದು ಸೋಮಾರಿತನವಲ್ಲ. ಅತ್ತೆಯಂದಿರೇ, ಇದನ್ನು ದಯವಿಟ್ಟು ಗಮನಿಸಿ.

ಗಂಡಂದಿರಿಗೂ ಒಂದು ಮಾತು. ಹಾಲೂಡಿಸುವ ತಾಯಿಯ ಅನ್ನ, ಬಟ್ಟೆಯ ಹೊಣೆಯನ್ನು ಸೂರಃ ಅಲ್ ಬಕರಃ ತಂದೆಯ ಮೇಲೆ ಹಾಕಿದೆ. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗುತ್ತಿದ್ದರೆಂದು ಆಯಿಶಾ(ರ) ಹೇಳಿದ್ದಾರೆ. ಡೈಪರ್ ಪ್ಯಾಕ್ ತಂದಿಟ್ಟರೆ ನಿಮ್ಮ ಪಾಲು ಮುಗಿಯಲಿಲ್ಲ. ಫಜ್ರ್ ನಮಾಝ್ ಮುಗಿಸಿ ಬಂದು ಆ ಬಕೆಟನ್ನು ಒಗೆದು ಹಿಂಡಿ ಹಗ್ಗಕ್ಕೆ ಹಾಕಲು ನಿಮಗೆ ಅರ್ಧ ತಾಸು ಸಾಕು. ಮಣಿಕಟ್ಟು ನೋವಿನ ತಾಯಿಗೆ ಅದು ಇಡೀ ದಿನದ ಆರಾಮ.

ಹಾಗಾದರೆ ಏನು ಮಾಡುವುದು?

ನಮ್ಮ ಊರಿನ ಹೆಚ್ಚಿನ ಮನೆಗಳಿಗೆ ಹೊಂದುವ ದಾರಿ ಇದು: ಹಗಲು ಲಂಗೋಟಿ, ರಾತ್ರಿಗೆ ಒಂದು ಡೈಪರ್. ದವಾಖಾನೆಗೆ, ಮದುವೆಗೆ, ಬಸ್ ಪ್ರಯಾಣಕ್ಕೆ ಡೈಪರ್. ನೀರು ಮುಗಿದ ದಿನ, ಬಿಸಿಲಿಲ್ಲದ ದಿನ, ಮೈ ಹುಷಾರಿಲ್ಲದ ದಿನ ಡೈಪರ್. ಮೈಮೇಲೆ ಕೆಂಪು ಕಂಡ ದಿನ ಆದಷ್ಟೂ ಹೊತ್ತು ಏನೂ ಇಲ್ಲದೆ ಗಾಳಿಗೆ. ರಾತ್ರಿ ಡೈಪರ್ ಕಟ್ಟಿದರೂ ಮಗು ಮಲ ಮಾಡಿದರೆ ಆಗಲೇ ತೆಗೆಯಿರಿ. ಹೀಗೆ ಮಾಡಿದರೆ ಲಂಗೋಟಿ ಏಳೆಂಟಕ್ಕೆ ಇಳಿಯುತ್ತದೆ, ನೀರು ಎರಡು ಬಕೆಟಿಗೆ ಬರುತ್ತದೆ, ಎರಡು ವರ್ಷದ 4,380 ಡೈಪರ್ ಏಳೆಂಟು ನೂರಕ್ಕೆ ಇಳಿಯುತ್ತದೆ.

ಮಗು ಕೂರಲು ಕಲಿತ ಮೇಲೆ ಅಜ್ಜಿಯ ವಿದ್ಯೆಯೂ ಕೆಲಸಕ್ಕೆ ಬರುತ್ತದೆ. ನಿದ್ದೆಯಿಂದ ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ತಮ್ಮ ಪಾದಗಳ ಮೇಲೆ ಮಗುವನ್ನು ಕೂರಿಸಿ "ಶ್...ಶ್" ಎನ್ನುವ ಅಜ್ಜಿಯರು ದಿನಕ್ಕೆ ಎರಡು ಮೂರು ಲಂಗೋಟಿ ಉಳಿಸುತ್ತಾರೆ. ಮಗು ಒಲ್ಲೆ ಎಂದರೆ ಬಿಟ್ಟುಬಿಡಿ. ಬೈದು, ಹೊಡೆದು ಕೂರಿಸುವ ಕೆಲಸವಲ್ಲ ಅದು.

ನಾಳೆ ಬೆಳಿಗ್ಗೆ ಮಾಡಬೇಕಾದ್ದು ಇಷ್ಟೇ. ಒಂದು ಹಳೆಯ ಲುಂಗಿ ತೆಗೆದು ಕತ್ತರಿಸಿ ಅಂಚು ಹೊಲಿಯಿರಿ. ಮುಚ್ಚಳದ ಬಕೆಟೊಂದನ್ನು ಬೇರೆ ಇಡಿ. ಡೈಪರ್ ಪ್ಯಾಕನ್ನು ಹಾಸಿಗೆಯ ಪಕ್ಕ ರಾತ್ರಿಗೆ ಇಟ್ಟುಕೊಳ್ಳಿ. 'ಫ್ಲಶ್ ಮಾಡಬಹುದು' ಎಂದು ಬರೆದ ಪೊಟ್ಟಣದ ಟಿಶ್ಯೂಗಳನ್ನು ಪ್ರಯಾಣದಲ್ಲಿ ಬಳಸಿ, ಕಸದ ಬುಟ್ಟಿಗೆ ಹಾಕಿ. ನಾದಿನಿಗೂ ಬೇಸರವಾಗುವುದಿಲ್ಲ, ಪೈಪೂ ಕಟ್ಟುವುದಿಲ್ಲ.